ಒಡೆದ ಮನೆಯ ತಲಬಾಗಿಲು ಯಾರದು?

ಹೊಲ ಪಾಲಾಗುವುದು ಸುಲಭ, ಮನೆ ಪಾಲಾಗುವುದು ಕಷ್ಟ. ಹೊಲಕ್ಕೆ ಸರ್ವೆಯವರು ಬರುತ್ತಾರೆ, ಅಳೆಯುತ್ತಾರೆ, ಕಲ್ಲು ನೆಡುತ್ತಾರೆ. ಆಮೇಲೆ ಬದುವಿನ ಈಚೆ ಅಣ್ಣ, ಆಚೆ ತಮ್ಮ. ಮನೆಗೆ ಇರುವುದು ಒಂದೇ ತಲಬಾಗಿಲು. ಒಂದೇ ಪಡಸಾಲೆ, ಒಂದೇ ದೇವರ ಜಗಲಿ, ಹಿತ್ತಲಲ್ಲಿ ಒಂದೇ ಬಾವಿ. ಇದನ್ನು ಮೂರು ಪಾಲು ಮಾಡಿಕೊಡಿ ಎಂದರೆ ಎಂಥ ಪಂಚರಿಗೂ ಬೆವರು ಬರುತ್ತದೆ.

ಹಾಗಾಗಿ ನಮ್ಮ ಊರುಗಳಲ್ಲಿ ಹೊಲ ಪಾಲಾಗಿ ಇಪ್ಪತ್ತು ವರ್ಷ ಕಳೆದರೂ ಮನೆ ಮಾತ್ರ ಜಂಟಿಯಾಗೇ ಉಳಿದಿರುತ್ತದೆ. ಒಬ್ಬ ಅದರಲ್ಲಿ ಸಂಸಾರ ಮಾಡಿಕೊಂಡಿರುತ್ತಾನೆ. ಇನ್ನೊಬ್ಬ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತಾನೆ. ಅಕ್ಕ-ತಂಗಿಯರು ಗಂಡನ ಮನೆಯಲ್ಲಿ. ಜಾತ್ರೆಗೆ, ಹಬ್ಬಕ್ಕೆ ಬಂದು ಹೋಗುವಷ್ಟು ಕಾಲ ಯಾರಿಗೂ ಯಾವ ಪ್ರಶ್ನೆಯೂ ಬರುವುದಿಲ್ಲ. ಒಂದು ದಿನ ಬಾಗಿಲಿಗೆ ಹೊಸ ಬೀಗ ಬೀಳುತ್ತದೆ. ಇಲ್ಲವೇ ಒಬ್ಬ ತನ್ನ ಪಾಲನ್ನು ಹೊರಗಿನವರಿಗೆ ಮಾರಿಬಿಡುತ್ತಾನೆ. ಇಲ್ಲವೇ ಗಂಡನ ಮನೆ ಬಿಟ್ಟು ಬಂದ ಮಗಳು ಬ್ಯಾಗು ಹಿಡಿದು ಕಟ್ಟೆ ಹತ್ತುತ್ತಾಳೆ. ಒಳಗೆ ಬರುವ ಹಕ್ಕು ಯಾರಿಗಿದೆ ಎಂಬ ಮಾತು ಆಗ ಏಳುತ್ತದೆ.

ತಾಲ್ಲೂಕು ಕೋರ್ಟಿಗೆ ಸುದ್ದಿಗೆಂದು ಹೋಗುವ ನನ್ನಂಥವರಿಗೆ ಪಾಲಿನ ದಾವೆ ಸುದ್ದಿಯೇ ಅಲ್ಲ, ಅಷ್ಟು ಸಾಮಾನ್ಯ. ಉತ್ತರದ ಕಡೆ ವಾಟ್ನಿ ಎನ್ನುತ್ತಾರೆ, ದಕ್ಷಿಣದಲ್ಲಿ ಭಾಗ, ಪಾಲು, ಹಿಸ್ಸೆ. ಹೆಸರು ಯಾವುದಾದರೂ ಜಗಳ ಒಂದೇ. ಆದರೆ ಈ ಜಗಳಕ್ಕೆ ಉದ್ದನೆಯ ಚರಿತ್ರೆ ಇದೆ. ಅದರ ಬಹು ಮುಖ್ಯ ಅಧ್ಯಾಯವೊಂದು ಬರೆಯಲ್ಪಟ್ಟದ್ದು ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ.

ಕಲ್ಯಾಣದಲ್ಲಿ ಬರೆದ ಮಾತು

ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವು ದಶಕ ಮೊದಲು ಅಲ್ಲಿ ಆಳುತ್ತಿದ್ದವನು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ. ಅವನ ಆಳ್ವಿಕೆ 1076ರಿಂದ 1126ರವರೆಗೆ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಹೆಸರು ಮಿತಾಕ್ಷರ. ಬಂಗಾಳ, ಅಸ್ಸಾಂ ಬಿಟ್ಟರೆ ಭಾರತದ ಬಹುತೇಕ ಕಡೆ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಇದೇ ಪುಸ್ತಕದ ಮೇಲೆ ನಿಂತಿತು. ಇಂದಿಗೂ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಮಿತಾಕ್ಷರ ಎಂಬ ಪದ ಬರುತ್ತದೆ. ನಮ್ಮ ನೆಲದ ಪುಸ್ತಕ ಎಂದು ನಮಗೇ ಅಷ್ಟಾಗಿ ಗೊತ್ತಿಲ್ಲ.

ವಿಜ್ಞಾನೇಶ್ವರನ ಮುಖ್ಯ ವಾದ ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ಮಗ ಹುಟ್ಟಿದಾಗಲೇ. ಹಾಗಾದರೆ ಪಾಲಾಗುವವರೆಗೆ ಯಾರೊಬ್ಬನೂ ‘ಈ ಕೋಣೆ ನನ್ನದು’ ಎನ್ನುವಂತಿಲ್ಲ. ಇಡೀ ಮನೆ ಎಲ್ಲರದೂ. ಒಂದು ಇಟ್ಟಿಗೆಯಲ್ಲೂ ಎಲ್ಲರ ಹಕ್ಕು ಇದೆ. ಬಾಗಿಲು ದಾಟಿ ಬರಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಪಾಲಾದ ಮೇಲೆ? ಇಲ್ಲಿ ವಿಜ್ಞಾನೇಶ್ವರ ಹಳ್ಳಿಯ ಮನುಷ್ಯನಂತೆ ಯೋಚಿಸುತ್ತಾನೆ. ಕೆಲವು ವಸ್ತುಗಳನ್ನು ಪಾಲು ಮಾಡಲೇಬಾರದು ಎಂದು ಹಳೆಯ ಸ್ಮೃತಿಗಳಲ್ಲಿ ಒಂದು ಪಟ್ಟಿ ಇತ್ತು. ಉಟ್ಟ ಬಟ್ಟೆ, ಬೇಯಿಸಿದ ಅನ್ನ, ನೀರು ಹೀಗೆ. ಅದನ್ನು ಅವನು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಬಾವಿಯನ್ನು ಬೆಲೆ ಕಟ್ಟಿ ಒಬ್ಬನಿಗೆ ಕೊಟ್ಟು ಉಳಿದವರಿಗೆ ದುಡ್ಡು ಕೊಡುವಂತಿಲ್ಲ, ಪಾಲುದಾರರೆಲ್ಲ ಸರದಿಯಂತೆ ನೀರು ಸೇದಬೇಕು. ಮನೆಗೆ, ತೋಟಕ್ಕೆ ಹೋಗಿ ಬರುವ ದಾರಿಯೂ ಹಾಗೇ. ಅದು ಪಾಲಿಗೆ ಸೇರುವುದಿಲ್ಲ, ಎಲ್ಲರದಾಗೇ ಉಳಿಯಬೇಕು.

ನಿಮ್ಮ ಮನೆಯ ಹಳೆಯ ಪಾಲುಪತ್ರ ಟ್ರಂಕಿನಲ್ಲಿದ್ದರೆ ತೆಗೆದು ನೋಡಿ. ಕೊನೆಯ ಪುಟದಲ್ಲಿ ಪತ್ರ ಬರೆಯುವವರು ಹಾಕಿರುವ ಒಂದು ಸಾಲು ಇರುತ್ತದೆ, ಬಾವಿ ಮತ್ತು ಹಾಯ್ದು ಹೋಗುವ ದಾರಿ ಎಲ್ಲರಿಗೂ ಸಾಮಾಯಿಕ ಎಂದು. ಆ ಸಾಲಿಗೆ 900 ವರ್ಷ ವಯಸ್ಸು.

ಹೆಂಗಸರ ವಿಷಯಕ್ಕೆ ಬಂದರೆ ಪುಸ್ತಕ ಒಂದು ಹೇಳಿತು, ಬಳಕೆ ಇನ್ನೊಂದಾಯಿತು. ಪಾಲಿನ ಹೊತ್ತಿನಲ್ಲಿ ಹೆಂಡತಿಗೆ, ತಾಯಿಗೆ ಒಂದು ಅಂಶ, ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲು ಭಾಗದ ಲೆಕ್ಕ ಮಿತಾಕ್ಷರದಲ್ಲಿ ಇದೆ. ಆದರೆ ದಕ್ಷಿಣದಲ್ಲಿ ಕಾಲ ಕಳೆದಂತೆ ಇದು ಬಳಕೆಯಿಂದಲೇ ಬಿದ್ದುಹೋಯಿತು. ಉಳಿದದ್ದು ಅನ್ನ, ಬಟ್ಟೆ, ತಲೆಯ ಮೇಲೊಂದು ಸೂರು. ಅಂದರೆ ಮನೆಯೊಳಗೆ ಇರುವ ಹಕ್ಕು ಇತ್ತು, ಮನೆಯಲ್ಲಿ ಪಾಲಿರಲಿಲ್ಲ. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿಡಿ, ಮುಂದೆ ಇದೇ ದೊಡ್ಡ ಜಗಳವಾಗುತ್ತದೆ.

ಹೊರಗಿನವನನ್ನು ಹೊರಗೇ ಇಡುವ ಕಾಯ್ದೆ

ಬ್ರಿಟಿಷ್ ನ್ಯಾಯಾಧೀಶರಿಗೆ ಸಂಸ್ಕೃತ ಬರುತ್ತಿರಲಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಅಧಿಕಾರಿ ಮಿತಾಕ್ಷರದ ಉತ್ತರಾಧಿಕಾರದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಡತೊಡಗಿದವು. ಊರ ಪಂಚರು ಮನೆ-ಮನಸ್ಸು ನೋಡಿ ಮಾಡುತ್ತಿದ್ದ ತೀರ್ಮಾನ ನಿಧಾನವಾಗಿ ಕಾಗದದ ತೀರ್ಮಾನವಾಯಿತು.

ಆಗ ಹೊಸ ಸಮಸ್ಯೆಯೊಂದು ಎದ್ದಿತು. ಜಂಟಿ ಮನೆಯಲ್ಲಿ ಕಾಲು ಪಾಲು ಇರುವವನು ಸಾಲ ಮಾಡಿದ. ಸಾಲ ಕೊಟ್ಟವನು ಆ ಪಾಲನ್ನು ಬರೆಸಿಕೊಂಡ. ಈಗ ಅವನು ಬಂದು ಕಾಲು ಮನೆ ನನ್ನದು ಎಂದು ಪಡಸಾಲೆಯಲ್ಲಿ ಹಾಸಿಗೆ ಹಾಸಬಹುದೇ? ಜಂಟಿ ಮಾಲೀಕನ ಜಾಗಕ್ಕೆ ಬಂದವನಿಗೂ ಜಂಟಿ ಮಾಲೀಕನ ಹಕ್ಕೇ ಬರಬೇಕಲ್ಲ ಎಂಬುದು ಕಾನೂನಿನ ಲೆಕ್ಕ. ಒಳಗೆ ಅಡುಗೆ ಮಾಡುತ್ತಿರುವ ಅತ್ತಿಗೆ, ಬಾಣಂತಿ ಮಲಗಿರುವ ಕೋಣೆ, ಇದು ಮನೆಯ ಲೆಕ್ಕ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಮನೆಯ ಲೆಕ್ಕವನ್ನೇ ಒಪ್ಪಿತು. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲನ್ನು ಹೊರಗಿನವನು ಕೊಂಡರೆ ಪಾಲೇನೋ ಅವನದಾಗುತ್ತದೆ, ಆದರೆ ಮನೆಯವರ ಜೊತೆ ಸೇರಿ ಅದರಲ್ಲಿ ವಾಸ ಮಾಡುವ ಹಕ್ಕು ಅವನಿಗೆ ಬರುವುದಿಲ್ಲ. ಬೇಕಿದ್ದರೆ ಪಾಲಿಗಾಗಿ ದಾವೆ ಹಾಕಿಕೊಳ್ಳಲಿ, ಅಲ್ಲಿಯವರೆಗೆ ಹೊರಗಿರಲಿ.

ದಾವೆ ಹಾಕಿದರೆ? ಅದಕ್ಕೆ 1893ರ ವಿಭಾಗ ಕಾಯ್ದೆ ಬಂತು. ಅದರ 4ನೇ ಕಲಂ ಪ್ರಕಾರ ಹೊರಗಿನವನು ಪಾಲಿಗಾಗಿ ಕೋರ್ಟಿಗೆ ಬಂದಾಗ ಮನೆಯವರಲ್ಲಿ ಯಾರಾದರೊಬ್ಬ ಪಾಲುದಾರ ‘ಆ ಪಾಲನ್ನು ನಾನೇ ಕೊಳ್ಳುತ್ತೇನೆ’ ಎನ್ನಬಹುದು. ಕೋರ್ಟು ಬೆಲೆ ಕಟ್ಟಿಸಿ ಅವನಿಗೇ ಕೊಡಿಸುತ್ತದೆ. ಇದೇ ಕಾಯ್ದೆಯ 2ನೇ ಕಲಂ ಇನ್ನೊಂದು ದಾರಿಯನ್ನೂ ಇಟ್ಟಿತು. ಮನೆಯನ್ನು ಪಾಲು ಮಾಡಿದರೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ ಎಂದು ಕೋರ್ಟಿಗೆ ಅನ್ನಿಸಿದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೇಳಿಕೊಂಡರೆ, ಮನೆ ಮಾರಿ ದುಡ್ಡು ಹಂಚಬಹುದು. ಹತ್ತಡಿ ಅಗಲದ ಮನೆಯನ್ನು ನಾಲ್ಕು ಪಾಲು ಮಾಡಿ ಎರಡೂವರೆ ಅಡಿಯ ನಾಲ್ಕು ಓಣಿ ಮಾಡಿಕೊಂಡವರನ್ನು ನೀವೂ ಕಂಡಿರಬಹುದು. ಈ ಕಲಂ ಇರುವುದು ಅಂಥವರಿಗೆ.

ಈ ರಕ್ಷಣೆ ಹಿಂದೂಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. 1908ರಲ್ಲೇ ಅಲಹಾಬಾದ್ ಹೈಕೋರ್ಟಿನ ಪೂರ್ಣ ಪೀಠ ಮುಸ್ಲಿಂ ಕುಟುಂಬವೊಂದರ ಪ್ರಕರಣದಲ್ಲಿ, ಮನೆಯನ್ನು ಗೋಡೆ ಎಬ್ಬಿಸಿ ಪಾಲು ಮಾಡಿಕೊಳ್ಳದ ಯಾವ ಕುಟುಂಬವಾದರೂ ಇದರಡಿ ಬರುತ್ತದೆ ಎಂದು ಹೇಳಿತು. 1990ರಲ್ಲಿ ಸುಪ್ರೀಂ ಕೋರ್ಟಿಗೆ ಮುಂಬೈನ ಪಾರ್ಸಿ ಕುಟುಂಬವೊಂದರ ಮನೆ ಜಗಳ ಬಂತು. ಸೋದರರಲ್ಲಿ ಒಬ್ಬರು ತೀರಿಕೊಂಡ ಮೇಲೆ ಅವರ ಕಡೆಯವರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿದ್ದರು, ಕೊಂಡವರು ಒಳಗೆ ಬಂದು ಕೂತೂ ಬಿಟ್ಟಿದ್ದರು. ದಾವೆ ಮುಗಿಯುವ ಮುಂಚೆಯೇ ಅವರು ಹೊರಗೆ ಹೋಗಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹಳ್ಳಿಗಳಲ್ಲಿ ಪಾಲು ಕೊಂಡವರು ರಾತ್ರೋರಾತ್ರಿ ಸಾಮಾನು ತಂದಿಟ್ಟು, ‘ಈಗ ಎಬ್ಬಿಸಿ ನೋಡೋಣ’ ಎನ್ನುವುದಿದೆ. ಅಂಥವರಿಗೆ ಈ ತೀರ್ಪು ಉತ್ತರ.

1882ರ ಜುಲೈ 1ರಂದು ಆಸ್ತಿ ವರ್ಗಾವಣೆ ಕಾಯ್ದೆಯ ಜೊತೆಗೇ ಜಾರಿಗೆ ಬಂದ ಇನ್ನೊಂದು ಕಾಯ್ದೆ ಅನುಭೋಗದ ಹಕ್ಕುಗಳದ್ದು. ಅದು ಮೊದಲು ಅನ್ವಯವಾದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಕೊಡಗು ಇದ್ದವು. ಹಾಗಾಗಿ ಮಂಗಳೂರಿನವರಿಗೆ, ಬಳ್ಳಾರಿಯವರಿಗೆ, ಮಡಿಕೇರಿಯವರಿಗೆ ಇದು ಆಗಿನಿಂದಲೇ ಇತ್ತು. ಜಂಟಿ ಆಸ್ತಿ ಪಾಲಾದಾಗ ಒಬ್ಬನ ಪಾಲಿನ ಮೇಲೆ ಹಾಯದೆ ಇನ್ನೊಬ್ಬ ತನ್ನ ಪಾಲಿಗೆ ಹೋಗಲು ಸಾಧ್ಯವೇ ಇಲ್ಲವೆಂದರೆ, ಪತ್ರದಲ್ಲಿ ಬರೆದಿರದಿದ್ದರೂ ಹಾದುಹೋಗುವ ಹಕ್ಕು ಅವನಿಗೆ ಇದೆ ಎಂದು ಅದರ 13ನೇ ಕಲಂ ಹೇಳುತ್ತದೆ. ವಿಜ್ಞಾನೇಶ್ವರನ ದಾರಿಯ ಮಾತೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಂತಿದೆ.

ಇದೆಲ್ಲ ಓದುವಾಗ ಒಂದು ಮಾತು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಹೊರಗಿನವನು ಯಾರು ಎಂಬುದನ್ನು ಕಾನೂನು ಇಷ್ಟು ಚೆನ್ನಾಗಿ ಬರೆಯಿತು. ಒಳಗಿನವರು ಯಾರು ಎಂಬುದನ್ನು ಬರೆಯಲು ಇನ್ನೂ ನೂರು ವರ್ಷ ತೆಗೆದುಕೊಂಡಿತು.

ಕರಾವಳಿ, ಕೊಡಗು ಬೇರೆ

ಎಲ್ಲ ಕಡೆಯೂ ಮಿತಾಕ್ಷರ ನಡೆಯಲಿಲ್ಲ. ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು. ಅಲ್ಲಿ ಮನೆ ಹೆಣ್ಣಿನ ಕಡೆಯಿಂದ ಸಾಗುತ್ತದೆ. ಮದುವೆಯಾದ ಮಗಳು ತವರಿನಲ್ಲಿ ಹೊರಗಿನವಳಲ್ಲ, ಕುಟುಂಬದ ಬೇರೇ ಅವಳು. ಹೊರಗಿನವರಾಗುತ್ತಿದ್ದವರು ಗಂಡಸರ ಹೆಂಡತಿ ಮಕ್ಕಳು. ಎಲ್ಲರೂ ಒಪ್ಪದ ಹೊರತು ಕುಟುಂಬದ ಆಸ್ತಿ ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಆಮೇಲೆ ದೊಡ್ಡ ದೊಡ್ಡ ಗುತ್ತಿನ ಮನೆಗಳೂ ಕೋರ್ಟಿನ ಮೆಟ್ಟಿಲು ಹತ್ತಿದವು.

ಕೊಡಗಿನಲ್ಲಿ ಒಕ್ಕದ ಐನ್‌ಮನೆ ಇದೆ. ತೋಟ, ಗದ್ದೆ ಬೇರೆಯಾದರೂ ಐನ್‌ಮನೆಯನ್ನು ಸಾಮಾನ್ಯವಾಗಿ ಒಡೆಯುವುದಿಲ್ಲ. ಪುತ್ತರಿಗೆ, ಕೈಲ್‌ಪೊಳ್ದ್‌ಗೆ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ಒಡೆಯದೆ ಹಂಚಿಕೊಳ್ಳುವುದು ಹೇಗೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ಉದಾಹರಣೆ ಇದು. ಸೋರುವ ಮಾಡಿಗೆ ಹಂಚು ಹಾಕಿಸಲು ಯಾರು ದುಡ್ಡು ಕೊಡಬೇಕು ಎಂಬ ಜಗಳ ಅಲ್ಲಿಯೂ ಇದ್ದದ್ದೇ ಬಿಡಿ.

ಮಲಗಲು ಜಾಗ, ಪಾಲಿಲ್ಲ

ಈಗ ಹೆಣ್ಣುಮಕ್ಕಳ ಕಥೆ. ಇದರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು. 1933ರಲ್ಲಿ ಮೈಸೂರು ಸರ್ಕಾರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತು. ಅಪ್ಪ-ಮಕ್ಕಳ ನಡುವೆ, ಅಣ್ಣ-ತಮ್ಮಂದಿರ ನಡುವೆ ಪಾಲಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕು ಎಂದಿತು. ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ನಾಲ್ಕನೇ ಒಂದು ಭಾಗ, ಅಂದರೆ ಬಳಕೆಯಿಂದ ಬಿದ್ದುಹೋಗಿದ್ದ ಅದೇ ಮಿತಾಕ್ಷರದ ಕಾಲು! ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಗಂಡನ ಹಕ್ಕು ಕೊಡುವ ಕಾಯ್ದೆ ಬಂದದ್ದು 1937ರಲ್ಲಿ. ಅದೂ ಅವಳು ಬದುಕಿರುವವರೆಗೆ ಮಾತ್ರ, ಮಾರುವ ಪೂರ್ಣ ಅಧಿಕಾರವಿಲ್ಲದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಸಿಕ್ಕಿದ್ದು ಈ ಎರಡನೆಯದು.

ಸ್ವಾತಂತ್ರ್ಯದ ನಂತರ, 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾಯಿತು. ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ ಎಂದಿತು. ವಿಧವೆಯ ಸೀಮಿತ ಹಕ್ಕು ಪೂರ್ಣ ಹಕ್ಕಾಯಿತು. ದೊಡ್ಡ ಹೆಜ್ಜೆಯೇ. ಆದರೆ ವಾಸದ ಮನೆಯ ಹತ್ತಿರ ಬರುತ್ತಿದ್ದಂತೆ ಕಾಯ್ದೆಯ ಕಾಲು ನಡುಗಿತು. ಅದೇ 23ನೇ ಕಲಂ.

ಈ ಕಲಮನ್ನು ನಿಧಾನವಾಗಿ ಓದಬೇಕು. ತೀರಿಕೊಂಡವನಿಗೆ ಗಂಡು ವಾರಸುದಾರರೂ ಹೆಣ್ಣು ವಾರಸುದಾರರೂ ಇದ್ದು, ಮನೆಯಲ್ಲಿ ಪೂರ್ತಿ ಕುಟುಂಬದವರೇ ವಾಸವಿದ್ದರೆ, ಹೆಣ್ಣುಮಕ್ಕಳು ಆ ಮನೆಯನ್ನು ಪಾಲು ಮಾಡಿ ಎಂದು ಕೇಳುವಂತಿಲ್ಲ. ಗಂಡುಮಕ್ಕಳು ತಮ್ಮ ತಮ್ಮಲ್ಲಿ ಪಾಲು ಮಾಡಿಕೊಳ್ಳುವವರೆಗೆ ಕಾಯಬೇಕು. ಅಲ್ಲಿಯವರೆಗೆ ಅವಳಿಗೆ ಇರುವುದು ವಾಸದ ಹಕ್ಕು ಮಾತ್ರ. ಅದೂ ಮಗಳಾದರೆ ಎಲ್ಲರಿಗೂ ಇಲ್ಲ. ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ಬೇರೆಯಾದವಳಿಗೆ, ವಿಧವೆಗೆ ಮಾತ್ರ.

ಅಂದರೆ ಗಂಡನ ಜೊತೆ ಚೆನ್ನಾಗಿ ಬಾಳುತ್ತಿರುವ ಮಗಳಿಗೆ ತವರಿನಲ್ಲಿ ಕಾಗದದ ಮೇಲೆ ಪಾಲಿದೆ, ಆ ಪಾಲಿನ ಮನೆಯಲ್ಲಿ ಒಂದು ರಾತ್ರಿ ಹಕ್ಕಿನಿಂದ ಮಲಗುವಂತಿಲ್ಲ. ಬಾಳು ಮುರಿದು ಬಂದರೆ ಮಲಗಬಹುದು, ಪಾಲು ಕೇಳುವಂತಿಲ್ಲ. ಬಾಳು ಮುರಿದಿದೆಯೋ ಇಲ್ಲವೋ ಎಂಬುದನ್ನು ಅವಳೇ ಸಾಬೀತು ಮಾಡಬೇಕು. ಅಣ್ಣಂದಿರು ಕೋರ್ಟಿಗೆ ಬಂದು ‘ಇವಳನ್ನು ಗಂಡ ಬಿಟ್ಟಿಲ್ಲ, ಇವಳೇ ಬಿಟ್ಟು ಬಂದಿದ್ದಾಳೆ’ ಎಂದು ವಾದಿಸಲು ಇಷ್ಟು ಸಾಕಲ್ಲ. ಮನೆ ಒಡೆಯಬಾರದು ಎಂಬುದು ಈ ಕಲಮಿನ ಹಿಂದಿನ ಯೋಚನೆ. ಒಳ್ಳೆಯ ಯೋಚನೆಯೇ ಇರಬಹುದು. ಆದರೆ ಅಣ್ಣ ತಮ್ಮ ಒಡೆಯಬಹುದು, ತಂಗಿ ಒಡೆಯಬಾರದು ಎಂಬುದರಲ್ಲಿ ನನಗೆ ಕಾಣುವುದು ಮನೆಯ ಮೇಲಿನ ಪ್ರೀತಿಯಲ್ಲ.

ಗಂಡು ವಾರಸುದಾರ ಒಬ್ಬನೇ ಇದ್ದರೆ? ಅವನು ಯಾರ ಜೊತೆ ಪಾಲು ಮಾಡಿಕೊಳ್ಳಬೇಕು? ಹಾಗಾದರೆ ತಂಗಿ ಸಾಯುವವರೆಗೆ ಕಾಯಬೇಕೇ? ಹೈಕೋರ್ಟುಗಳು ಒಂದೊಂದು ಕಡೆ ಒಂದೊಂದು ಹೇಳಿದವು. 1996ರಲ್ಲಿ ಸುಪ್ರೀಂ ಕೋರ್ಟು ನರಸಿಂಹಮೂರ್ತಿ-ಸುಶೀಲಾಬಾಯಿ ಪ್ರಕರಣದಲ್ಲಿ, ಒಬ್ಬನೇ ಮಗನಿದ್ದರೂ ತಡೆ ಅನ್ವಯಿಸುತ್ತದೆ ಎಂದಿತು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಅದು ವಾಸದ ಮನೆಯಾಗಿ ಉಳಿಯುವುದಿಲ್ಲ, ಆಗ ಹೆಣ್ಣುಮಕ್ಕಳೂ ಪಾಲು ಕೇಳಬಹುದು ಎಂದಿತು. ನೋಡಿ, ಬಾಡಿಗೆದಾರನಿದ್ದ ಮನೆಯಲ್ಲಿ ಮಗಳಿಗೆ ಪಾಲು ಸಿಗುತ್ತಿತ್ತು, ಅಣ್ಣನಿದ್ದ ಮನೆಯಲ್ಲಿ ಸಿಗುತ್ತಿರಲಿಲ್ಲ.

ಮುಸ್ಲಿಂ ಕುಟುಂಬಗಳಿಗೆ ಈ 23ನೇ ಕಲಂ ಇರಲಿಲ್ಲ. ಅಲ್ಲಿ ಮಗಳ ಪಾಲು ಮಗನದರ ಅರ್ಧ, ಆದರೆ ಅಪ್ಪ ತೀರಿಕೊಂಡ ದಿನವೇ ಅದು ಅವಳದಾಗುತ್ತದೆ, ಮನೆಯನ್ನೂ ಸೇರಿಸಿ ಪಾಲು ಕೇಳಬಹುದು. ಕೇಳುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು. ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆಗೆ ಜಾತಿ-ಧರ್ಮ ಇಲ್ಲ.

ಹಿಂದೂ ಕುಟುಂಬಗಳ ವಿಷಯದಲ್ಲಿ ಕರ್ನಾಟಕ ಮತ್ತೆ ಮೊದಲೇ ಹೆಜ್ಜೆ ಇಟ್ಟ ಕೆಲವು ರಾಜ್ಯಗಳಲ್ಲಿ ಒಂದು. ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂದಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವರಿಗೆ ಇಲ್ಲ. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲದ ಹಕ್ಕು ತಂಗಿಗೆ ಬಂದ ಕಾಲ ಅದು.

2000ದಲ್ಲಿ ಕಾನೂನು ಆಯೋಗದ 174ನೇ ವರದಿ 23ನೇ ಕಲಂ ತೆಗೆಯಿರಿ ಎಂದಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆದೇ ಹಾಕಿತು. ಮದುವೆಯಾಗಿರಲಿ, ಇಲ್ಲದಿರಲಿ, ಮಗಳು ಹುಟ್ಟಿನಿಂದಲೇ ಪಾಲುದಾರಳಾದಳು. 2009ರಲ್ಲಿ ಸುಪ್ರೀಂ ಕೋರ್ಟು, ಹಳೆಯ ದಾವೆ ಇನ್ನೂ ನಡೆಯುತ್ತಿದ್ದರೂ ಹಳೆಯ ತಡೆ ಉಳಿಯುವುದಿಲ್ಲ ಎಂದಿತು. ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕೇ ಎಂಬ ಗೊಂದಲ ಮುಂದೆ ಹದಿನೈದು ವರ್ಷ ಎಳೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಬದುಕಿರಬೇಕಿಲ್ಲ ಎಂದು ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿ ಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಆದರೆ ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು’ ಎಂಬ ನೆಪವನ್ನು ಕೋರ್ಟು ಸುಮ್ಮನೆ ನಂಬಬಾರದು, ಸರ್ಕಾರಿ ದಾಖಲೆಯಂಥ ಗಟ್ಟಿ ಸಾಕ್ಷಿ ಬೇಕು ಎಂದೂ ಹೇಳಿತು. ಅಪ್ಪ ತೀರಿಕೊಂಡ ಮೇಲೆ ಹಳೆಯ ಛಾಪಾ ಕಾಗದ ಹುಡುಕಿ ಹಿಂದಿನ ತಾರೀಖು ಹಾಕಿ ಪಾರೀಖತ್ತು ತಯಾರಿಸುವವರು ಯಾವ ಊರಲ್ಲಿಲ್ಲ ಹೇಳಿ.

ಗಂಡನ ಮನೆಯ ಬಾಗಿಲು

ತವರಿನ ಮಾತು ಇಷ್ಟಾಯಿತು. ಗಂಡ ಹೆಂಡತಿ ಬೇರೆಯಾದರೆ ಅವರಿದ್ದ ಮನೆ? ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಒಳಗಿರುವ ಹಕ್ಕು ಅವಳಿಗೆ ಇದೆ ಎಂದು ಕಾನೂನು ಸ್ಪಷ್ಟವಾಗಿ ಹೇಳಿದ್ದು ತೀರಾ ಇತ್ತೀಚೆಗೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದರ 17ನೇ ಕಲಂ ‘ಹಂಚಿಕೊಂಡು ಬಾಳಿದ ಮನೆ’ಯಿಂದ ಅವಳನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎನ್ನುತ್ತದೆ.

ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಸುಪ್ರೀಂ ಕೋರ್ಟು ಬಾತ್ರಾ ಪ್ರಕರಣದಲ್ಲಿ ಅದರ ರೆಕ್ಕೆ ಕತ್ತರಿಸಿತು. ಅತ್ತೆಯ ಹೆಸರಿನಲ್ಲಿ ಮನೆ ಇದ್ದರೆ ಸೊಸೆಗೆ ಹಕ್ಕಿಲ್ಲ, ಗಂಡನ ಅಥವಾ ಅವನ ಜಂಟಿ ಕುಟುಂಬದ ಮನೆಯಾಗಿರಬೇಕು ಎಂದಿತು. ನಮ್ಮ ಹಳ್ಳಿಗಳಲ್ಲಿ ಯಾವ ಮಗನ ಹೆಸರಿನಲ್ಲಿ ಮನೆ ಇರುತ್ತದೆ? ಅಪ್ಪ ಇರುವವರೆಗೆ ಖಾತೆ ಅಪ್ಪನದೇ. ಹದಿನಾಲ್ಕು ವರ್ಷ ಸೊಸೆಯಂದಿರ ಎದುರು ಈ ತೀರ್ಪನ್ನೇ ಹಿಡಿಯಲಾಯಿತು. 2020ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟು ಅಹುಜಾ ಪ್ರಕರಣದಲ್ಲಿ ಆ ತೀರ್ಪು ಸರಿಯಲ್ಲ ಎಂದು ಹೇಳಿತು. ಅತ್ತೆ ಮಾವನ ಹೆಸರಿನಲ್ಲಿದ್ದರೂ ಅವಳು ಅಲ್ಲಿ ಸೊಸೆಯಾಗಿ ಬಾಳಿದ್ದರೆ ಅದು ಹಂಚಿಕೊಂಡ ಮನೆಯೇ.

ಎರಡೇ ತಿಂಗಳಿಗೆ, ಡಿಸೆಂಬರ್ 15ರಂದು ಬೆಂಗಳೂರಿನ ಮನೆಯೊಂದರ ತೀರ್ಪು ಬಂತು. ಮಗ ಕೊಂಡ ಜಾಗ ಅಪ್ಪನ ಹೆಸರಿಗೆ, ಅಲ್ಲಿಂದ ಅಮ್ಮನ ಹೆಸರಿಗೆ ಹೋಗಿತ್ತು. ಹಿರಿಯ ನಾಗರಿಕರ ಕಾಯ್ದೆ ಬಳಸಿ ಸೊಸೆಯನ್ನು ಹೊರಹಾಕುವ ಆದೇಶ ಪಡೆಯಲಾಗಿತ್ತು. ಒಂದು ಕಾಯ್ದೆ ಮುದುಕರ ರಕ್ಷಣೆಗೆ, ಇನ್ನೊಂದು ಹೆಂಗಸಿನ ರಕ್ಷಣೆಗೆ. ಎರಡನ್ನೂ ಹೊಂದಿಸಿ ಓದಬೇಕು, ಒಂದರಿಂದ ಇನ್ನೊಂದನ್ನು ಹೊಡೆಯುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಮುದುಕರ ಕಷ್ಟವೂ ಸುಳ್ಳಲ್ಲ. ಮಗ-ಸೊಸೆ ಕೂಡಿ ಅಪ್ಪ ಅಮ್ಮನನ್ನು ದನದ ಕೊಟ್ಟಿಗೆಗೆ ತಳ್ಳಿದ ಮನೆಗಳನ್ನೂ ನಾವು ನೋಡಿದ್ದೇವೆ.

ಇಲ್ಲಿ ಒಂದು ವ್ಯತ್ಯಾಸ ಇದೆ. ಈ ಕಾಯ್ದೆ ಕೊಡುವುದು ಇರುವ ಹಕ್ಕು, ಪಾಲಲ್ಲ. ಅವಳು ಆ ಮನೆಯನ್ನು ಮಾರಲಾಗದು, ಭಾಗ ಕೇಳಲಾಗದು. ಆದರೆ ಸರ್ಕಾರಿ ವಸತಿ ಯೋಜನೆಯ ಮನೆಗಳಲ್ಲಿ ಕಥೆ ಬೇರೆ. ಅವು ಹೆಚ್ಚಾಗಿ ಹೆಂಗಸಿನ ಹೆಸರಿಗೆ ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಿಗೆ ಮಂಜೂರಾಗುತ್ತವೆ. ಜಂಟಿ ಹೆಸರಿದ್ದರೆ ಬೇರೆಯಾದ ಮೇಲೂ ಇಬ್ಬರೂ ಮಾಲೀಕರೇ. ಅವಳು ತವರಿಗೆ ಹೋಗಿದ್ದಾಳೆ ಎಂಬ ಕಾರಣಕ್ಕೆ ಅವಳ ಅರ್ಧ ಹೋಗುವುದಿಲ್ಲ. ಹೊಡೆತ ಬಡಿತ ಇದ್ದರೆ ಗಂಡನೇ ಮನೆ ಬಿಟ್ಟು ಹೊರಗಿರಬೇಕು ಎಂದು ಆದೇಶಿಸುವ ಅಧಿಕಾರವೂ 19ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಅರ್ಜಿ ಹಾಕಲು ವಕೀಲರ ಫೀಸು ಹೊಂದಿಸಬೇಕಿಲ್ಲ, ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ.

ಬೀಗದ ಮಾತು

ಮತ್ತೆ ಅಣ್ಣ-ತಮ್ಮಂದಿರ ಮನೆಗೆ ಬರೋಣ. ಒಬ್ಬ ಊರಲ್ಲಿದ್ದು ಮನೆ ನೋಡಿಕೊಂಡ, ಇನ್ನೊಬ್ಬ ಇಪ್ಪತ್ತು ವರ್ಷ ದೂರವಿದ್ದ. ‘ಹನ್ನೆರಡು ವರ್ಷ ಆಯಿತು, ಇನ್ನು ಅವನಿಗೆ ಹಕ್ಕಿಲ್ಲ’ ಎಂದು ಊರ ಕಟ್ಟೆಯ ಮೇಲೆ ಹೇಳುವವರು ಬಹಳ. ಇದು ಅರ್ಧ ಸತ್ಯ. ಜಂಟಿ ಮಾಲೀಕರಲ್ಲಿ ಒಬ್ಬನ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ ಎಂದು ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಹೇಳಿದೆ. ಸುಮ್ಮನೆ ದೂರವಿದ್ದರೆ ಹಕ್ಕು ಸವೆಯುವುದಿಲ್ಲ. ಒಳಗಿದ್ದವನು ‘ಇದರಲ್ಲಿ ನಿನಗೇನೂ ಇಲ್ಲ’ ಎಂದು ಬಹಿರಂಗವಾಗಿ ಹೇಳಿ, ಅವನಿಗೆ ಗೊತ್ತಾಗುವಂತೆ ಹೊರಗಿಟ್ಟ ದಿನದಿಂದ ಹನ್ನೆರಡು ವರ್ಷದ ಲೆಕ್ಕ ಶುರು. ಬೀಗ ಬಿದ್ದ ದಿನ ಅದಕ್ಕೇ ಮುಖ್ಯ. ಆ ದಿನ ಸುಮ್ಮನಿರಬೇಡಿ. ನೋಟಿಸು ಕೊಡಿ, ಪಾಲು ಮತ್ತು ಪ್ರತ್ಯೇಕ ಸ್ವಾಧೀನಕ್ಕೆ ದಾವೆ ಹಾಕಿ. ಸ್ವತಃ ವಾಸವಿದ್ದವರನ್ನು ದಬ್ಬಿ ಹೊರಹಾಕಿದ್ದರೆ ಆರು ತಿಂಗಳೊಳಗೆ ಸ್ವಾಧೀನ ವಾಪಸು ಕೇಳುವ ಬೇರೆ ದಾರಿಯೂ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿದೆ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎಂದು ಕಳಿಸುವುದೇ ಹೆಚ್ಚು.

ಖಾತೆ ಒಬ್ಬನ ಹೆಸರಿನಲ್ಲಿದೆ ಎಂದರೆ ಮನೆ ಅವನೊಬ್ಬನದು ಎಂದಲ್ಲ. ಪಂಚಾಯ್ತಿ ಖಾತೆ ಇರುವುದು ಕಂದಾಯ ಕಟ್ಟಿಸಿಕೊಳ್ಳಲು, ಮಾಲೀಕತ್ವ ತೀರ್ಮಾನಿಸಲು ಅಲ್ಲ. ಕೋರ್ಟುಗಳು ಇದನ್ನು ಎಷ್ಟು ಸಲ ಹೇಳಿದರೂ ಊರಲ್ಲಿ ಖಾತೆಯೇ ದೇವರು. ಇ-ಸ್ವತ್ತಿನ ನಮೂನೆ ಕೈಗೆ ಬಂದ ಮೇಲೆ ಅದನ್ನು ಬ್ಯಾಂಕಿಗೆ ಒಯ್ದು ಒಬ್ಬನೇ ಸಾಲ ತೆಗೆಯಬಹುದು, ಮಾರಾಟಕ್ಕೂ ಹೊರಡಬಹುದು. ಆಮೇಲೆ ಉಳಿದವರು ಕೋರ್ಟಿಗೆ ಅಲೆಯಬೇಕು.

2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರಿಸಿ ಗ್ರಾಮಠಾಣೆಯ ಮನೆಗಳ ನಕ್ಷೆ ಮಾಡಿ ಆಸ್ತಿ ಕಾರ್ಡು ಕೊಡುತ್ತಾರೆ. ಡ್ರೋನಿಗೆ ಮೇಲಿನಿಂದ ಕಾಣುವುದು ಹೆಂಚು, ತಗಡು, ಗೋಡೆ. ಬೆಂಗಳೂರಿನಲ್ಲಿರುವ ತಮ್ಮ, ಗಂಡನ ಮನೆಯಲ್ಲಿರುವ ಅಕ್ಕ ಅದಕ್ಕೆ ಕಾಣುವುದಿಲ್ಲ. ಅಳತೆಗೆ ಬಂದ ದಿನ ಮನೆಯಲ್ಲಿ ಯಾರಿದ್ದರೋ ಅವರು ಹೇಳಿದ ಹೆಸರೇ ಹತ್ತುವ ಅಪಾಯ ಇದೆ. ನಿಮ್ಮೂರಲ್ಲಿ ಕರಡು ಪಟ್ಟಿ ಹಾಕಿದಾಗ ಹೋಗಿ ನೋಡಿ, ಹೆಸರು ಬಿಟ್ಟಿದ್ದರೆ ಬರಹದಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರದ ಊರಲ್ಲಿರುವ ಅಕ್ಕ-ತಮ್ಮಂದಿರಿಗೆ ಒಂದು ಫೋನು ಮಾಡಿ. ಹಾಗೆಯೇ ನಕ್ಷೆಯಲ್ಲಿ ಹಿತ್ತಲ ಬಾವಿಗೆ ಹೋಗುವ ಓಣಿ ಯಾರ ಗೆರೆಯೊಳಗೆ ಬಿದ್ದಿದೆ ಎಂಬುದನ್ನೂ ನೋಡಿಕೊಳ್ಳಿ.